ಕಲಿಯಲು ಬಂದವರು ಕಲಿಸಿದ ಕನ್ನಡ

ಪರದೆಯ ಮೇಲೆ ಕಾಣುತ್ತಿರುವುದು ಪಾಠದ ಪುಸ್ತಕವಲ್ಲ. ಬೆಂಗಳೂರಿನ ನನ್ನ ಕನ್ನಡ ತರಗತಿಗೆ ಬರುವವರು ಕೇಳಿದ ಪ್ರಶ್ನೆಗಳನ್ನು ಬರೆದಿಟ್ಟ ನೋಟ್‌ಬುಕ್. ಹುಟ್ಟಿನಿಂದ ಕನ್ನಡ ಆಡುತ್ತ ಬಂದ ನಮಗೆ ಇಂಥ ಪ್ರಶ್ನೆಗಳು ಹೊಳೆಯುವುದೇ ಇಲ್ಲ.

ಈ ಪುಟ ನೋಡಿ: 'ಇಲ್ಲ' ಮತ್ತು 'ಅಲ್ಲ'. ಹಿಂದಿ ಮನೆಮಾತಿನ ಹುಡುಗನೊಬ್ಬ "ಇದು ನನ್ನ ಬ್ಯಾಗ್ ಇಲ್ಲ" ಎಂದ. 'ಅಲ್ಲ' ಎಂದು ತಿದ್ದಿದೆ. "ಏಕೆ ಮೇಡಂ? ನಮಗೆ ಎರಡಕ್ಕೂ 'ನಹೀಂ' ಒಂದೇ ಸಾಕು" ಎಂದ. ನಾನು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿ ಕುಳಿತಿದ್ದ ಒಡಿಶಾದ ಯುವತಿ ಅವನತ್ತ ತಿರುಗಿದಳು. "ನಮ್ಮ ಒಡಿಯಾದಲ್ಲೂ ಎರಡಿವೆ. ಅವನು ಮನೆಯಲ್ಲಿ ಇಲ್ಲ ಎನ್ನಲು 'ನಾಹಿಁ'. ಇದು ನನ್ನ ಮನೆ ಅಲ್ಲ ಎನ್ನಲು 'ನುಹೇಁ'." ಹುಡುಗನಿಗೆ ಥಟ್ಟನೆ ಅರ್ಥವಾಯಿತು. ಒಡಿಯಾ ದ್ರಾವಿಡ ಭಾಷೆಯಲ್ಲ, ಹಿಂದಿಯ ಬಳಗದ್ದು. ಆದರೂ ಈ ವಿಷಯದಲ್ಲಿ ಅದು ಕನ್ನಡದ ಜೊತೆಗೆ ನಿಲ್ಲುತ್ತದೆ. ಇದನ್ನು ನನಗೆ ಯಾವ ವ್ಯಾಕರಣ ಪುಸ್ತಕವೂ ಹೇಳಿರಲಿಲ್ಲ. ಅಂದಿನಿಂದ ಹೊಸಬರು ಬಂದರೆ ಮೊದಲು ಅವರ ಮನೆಮಾತಿನ ಬಗ್ಗೆ ಕೇಳುತ್ತೇನೆ.

ತಪ್ಪುಗಳಿಗೂ ಊರು, ವಿಳಾಸ ಇರುತ್ತದೆ. "ಬಸ್ಸು ಬಂದಳು" ಎಂದವನಿಗೆ ನಗಬೇಡಿ. ಹಿಂದಿಯಲ್ಲಿ ಬಸ್ಸು ಸ್ತ್ರೀಲಿಂಗ. ಕನ್ನಡದಲ್ಲಿ ಬಸ್ಸು, ಲಾರಿ, ಕುರ್ಚಿ, ಮೇಜು ಎಲ್ಲವೂ ನಪುಂಸಕಲಿಂಗ, ಉರು ಹೊಡೆಯಬೇಕಿಲ್ಲ ಎಂದಾಗ ಅವನ ಮುಖ ಅರಳಿದ್ದು ಕಂಡೆ. ನಮ್ಮ ಭಾಷೆಯ ಈ ಸುಲಭವನ್ನು ನಾನು ಅವನ ಕಣ್ಣಿನಿಂದಲೇ ನೋಡಿದ್ದು.

ಇದು ಹೊಸದೇನಲ್ಲ ಬಿಡಿ. ಜರ್ಮನಿಯ ಫರ್ಡಿನೆಂಡ್ ಕಿಟ್ಟೆಲ್ 1853ರಲ್ಲಿ ಇಲ್ಲಿಗೆ ಬಂದಾಗ ಅವರೂ ಕನ್ನಡದ ವಿದ್ಯಾರ್ಥಿಯೇ. 1894ರಲ್ಲಿ ಪ್ರಕಟವಾದ ಅವರ ನಿಘಂಟನ್ನು ಕನ್ನಡಿಗರು ಇಂದಿಗೂ ತೆರೆಯುತ್ತಾರೆ.

ವಿದ್ಯಾರ್ಥಿಗಳು ನನಗೆ ಹೇಳಿದ ಇನ್ನೊಂದು ಮಾತು ಮನಸ್ಸಿಗೆ ನಾಟಿದೆ. ಅವರು ಕಷ್ಟಪಟ್ಟು ಒಂದು ವಾಕ್ಯ ಜೋಡಿಸಿ ಅಂಗಡಿಯಲ್ಲಿ ಕೇಳಿದರೆ ನಾವು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಉತ್ತರಿಸುತ್ತೇವಂತೆ. ಉಪಕಾರ ಮಾಡುತ್ತಿದ್ದೇವೆ ಎಂದು ನಾವು ಭಾವಿಸುತ್ತೇವೆ. ಅವರ ಪಾಲಿಗೆ ಅದು ಮುಖಕ್ಕೇ ಬಾಗಿಲು ಹಾಕಿದ ಹಾಗೆ. ಆದ್ದರಿಂದ ಈಗ ವಾರಕ್ಕೊಂದು ಪಾಠ ಗಾಂಧಿಬಜಾರಿನಲ್ಲಿ. ಸೊಪ್ಪು ಮಾರುವ ಅಮ್ಮನಿಗೆ ಮೊದಲೇ ಹೇಳಿಟ್ಟಿದ್ದೇನೆ: "ಇವರು ತಡವರಿಸಿದರೂ ಸ್ವಲ್ಪ ಕಾಯಿರಿ, ಕನ್ನಡದಲ್ಲೇ ಮಾತಾಡಿಸಿ." ಅವರು ಕಾಯುತ್ತಾರೆ. ಕಳೆದ ವಾರ ಒಡಿಶಾದ ಯುವತಿ ಪೂರ್ತಿ ಕನ್ನಡದಲ್ಲೇ ಚೌಕಾಸಿ ಮಾಡಿ, ಎರಡು ಕಟ್ಟು ಮೆಂತ್ಯ ಸೊಪ್ಪಿನ ಜೊತೆ ಒಂದಿಷ್ಟು ಕರಿಬೇವನ್ನೂ ಕೊಸರು ಹಾಕಿಸಿಕೊಂಡಳು.