ಚೆಂಡು ಕಸಿಯುವ ಕಲೆ: ತಮೀಕಾ ಕ್ಯಾಚಿಂಗ್ಸ್

ಕೇಳುಗರೆ, ನಮಸ್ಕಾರ. ಬಾಸ್ಕೆಟ್‌ಬಾಲ್‌ನಲ್ಲಿ ಬುಟ್ಟಿಗೆ ಚೆಂಡು ಹಾಕಿದವರ ಹೆಸರೇ ಮೊದಲು ಬಾಯಿಗೆ ಬರುತ್ತದೆ. ಅಮೆರಿಕದ ತಮೀಕಾ ಕ್ಯಾಚಿಂಗ್ಸ್ ಕೂಡ ಡಬ್ಲ್ಯುಎನ್‌ಬಿಎ ಎಂಬ ಮಹಿಳಾ ವೃತ್ತಿಪರ ಲೀಗ್‌ನಲ್ಲಿ 7,380 ಅಂಕ ಗಳಿಸಿದವರು. ಆದರೆ ಅವರ ಹೆಚ್ಚುಗಾರಿಕೆ ತಿಳಿಯಬೇಕಾದರೆ ಸ್ಟೀಲ್‌ಗಳ ಲೆಕ್ಕ ನೋಡಬೇಕು: ಎದುರಾಳಿಗಳಿಂದ ಚೆಂಡು ಕಸಿದದ್ದು 1,074 ಸಲ. 2016ರಲ್ಲಿ ಅವರು ಆಟ ಬಿಟ್ಟಾಗ ಎರಡನೆಯ ಸ್ಥಾನದಲ್ಲಿದ್ದ ಟಿಷಾ ಪೆನಿಷೆರೊ ಅವರ ಲೆಕ್ಕ 764. ಅಂತರ ನೀವೇ ಎಣಿಸಿ.

ಕಸಿಯಲು ಕೈ ಚಾಚಿದರೆ ಮೈಭಾರ ಮುಂದಕ್ಕೆ ವಾಲುತ್ತದೆ. ಎದುರಾಳಿ ಒಂದೇ ಡ್ರಿಬಲ್‌ನಲ್ಲಿ ಪಕ್ಕದಿಂದ ನುಸುಳುತ್ತಾಳೆ. ಮೇಲಿನಿಂದ ಬಡಿದರೆ ಪೆಟ್ಟು ಮಣಿಕಟ್ಟಿಗೆ ಬಿದ್ದು ಫೌಲ್. ಬಲ್ಲವರು ಮಂಡಿ ಬಾಗಿಸಿ, ಅಂಗೈ ಮೇಲ್ಮುಖವಾಗಿಟ್ಟು, ನೆಲದಿಂದ ಪುಟಿದೇಳುವ ಚೆಂಡನ್ನು ಕೆಳಗಿನಿಂದಲೇ ತಟ್ಟುತ್ತಾರೆ. ಪಾಸ್ ಕಸಿಯುವುದು ಇನ್ನೂ ನಾಜೂಕು. ದಾರಿಗೆ ಪೂರ್ತಿ ಅಡ್ಡ ನಿಂತರೆ ಪಾಸೇ ಬರದು. ಒಂದು ಹೆಜ್ಜೆ ಹಿಂದೆ ನಿಂತು ದಾರಿ ಖಾಲಿಯಿದೆ ಎಂದು ನಂಬಿಸಬೇಕು, ಕೊಡುವವಳ ಭುಜ ತಿರುಗಿದೊಡನೆ ಹೊರಡಬೇಕು. ಚೆಂಡು ಕೈಬಿಟ್ಟ ಮೇಲೆ ಹೊರಟರೆ ತಡವಾಯಿತು.

ಇದು ಕಣ್ಣಿನ ಕೆಲಸ. ಕ್ಯಾಚಿಂಗ್ಸ್ ಅವರಿಗೆ ಹುಟ್ಟಿನಿಂದ ಎರಡೂ ಕಿವಿ ಮಂದ. ಚಿಕ್ಕಂದಿನಲ್ಲಿ ಸಹಪಾಠಿಗಳ ಗೇಲಿ ತಾಳಲಾರದೆ ಶ್ರವಣಯಂತ್ರ ಬಿಸಾಡಿದರು. ತುಟಿ ನೋಡಿ ಮಾತು ಹಿಡಿಯುತ್ತ ಬೆಳೆದರು. ಡಿಫೆನ್ಸ್ ನಡೆಯುವುದೇ ಕೂಗಿನ ಮೇಲೆ: ಬೆನ್ನ ಹಿಂದೆ ಸ್ಕ್ರೀನ್ ಬಂತೆಂದು, ಅಂದರೆ ದಾರಿ ತಡೆಯಲು ಎದುರಾಳಿ ಅಡ್ಡ ನಿಂತಳೆಂದು, ಜೊತೆಗಾರ್ತಿ ಎಚ್ಚರಿಸದಿದ್ದರೆ ಹೋಗಿ ಗುದ್ದಿಕೊಳ್ಳುವುದೇ. ಕಿವಿ ಮಂದವಾದವರು ಪದೇ ಪದೇ ಕತ್ತು ಹೊರಳಿಸಿ ಅಂಗಳವನ್ನೆಲ್ಲ ನೋಡಿಕೊಳ್ಳಬೇಕು. ಟೆನೆಸ್ಸಿ ವಿಶ್ವವಿದ್ಯಾಲಯದಲ್ಲಿ, ಕೋಚ್ ಪ್ಯಾಟ್ ಸಮಿಟ್ ಅವರ ಗರಡಿಯಲ್ಲಿದ್ದಾಗ, ಮತ್ತೆ ಯಂತ್ರ ಧರಿಸಿದರು.

2001ರಲ್ಲಿ ಇಂಡಿಯಾನಾ ಫೀವರ್ ತಂಡ ಅವರನ್ನು ಲೀಗ್‌ನ ಹೊಸ ಆಟಗಾರ್ತಿಯರ ಆಯ್ಕೆಯಲ್ಲಿ ಮೂರನೆಯವರಾಗಿ ಸೇರಿಸಿಕೊಂಡಾಗ ಮಂಡಿಯ ಲಿಗಮೆಂಟ್ ಹರಿದಿತ್ತು. ಆ ವರ್ಷ ಒಂದು ಪಂದ್ಯವನ್ನೂ ಆಡಲಿಲ್ಲ. ಮರುವರ್ಷವೇ ವರ್ಷದ ಹೊಸ ಆಟಗಾರ್ತಿ. ಕೊನೆಯವರೆಗೂ ಅದೇ ತಂಡ. ಐದು ಸಲ ಶ್ರೇಷ್ಠ ಡಿಫೆನ್ಸ್ ಆಟಗಾರ್ತಿ, 2011ರಲ್ಲಿ ಎಂವಿಪಿ ಅಂದರೆ ಲೀಗ್‌ನ ಅತ್ಯಮೂಲ್ಯ ಆಟಗಾರ್ತಿ, 2012ರಲ್ಲಿ ಹಾಲಿ ಚಾಂಪಿಯನ್ ಮಿನೆಸೋಟವನ್ನು ಫೈನಲ್‌ನಲ್ಲಿ 3–1ರಿಂದ ಮಣಿಸಿ ಪ್ರಶಸ್ತಿ, ಅಥೆನ್ಸ್‌ನಿಂದ ರಿಯೋವರೆಗೆ ನಾಲ್ಕು ಒಲಿಂಪಿಕ್ ಚಿನ್ನ.

ಆ 1,074ರಲ್ಲಿ ಸೇರದ್ದೂ ಇದೆ. ಬೆರಳು ತಗುಲಿದ ಪಾಸ್ ಗೆರೆಯಾಚೆ ಹೋದರೆ ಚೆಂಡು ಎದುರಾಳಿಗೇ ಮರಳುತ್ತದೆ. ಅದು ಸ್ಟೀಲ್ ಆಗದು. ಆದರೆ ಶಾಟ್ ಹೊಡೆಯಲು ತಂಡಕ್ಕಿರುವ 24 ಸೆಕೆಂಡಿನ ಗಡಿಯಾರ ಮೊದಲಿನಿಂದ ಶುರುವಾಗುವುದಿಲ್ಲ. ಉಳಿದ ನಾಲ್ಕೈದು ಸೆಕೆಂಡಿನಲ್ಲಿ ಎದುರಾಳಿ ಹೊಡೆದ ಅವಸರದ ಶಾಟ್ ತಪ್ಪಿದರೆ, ಅಂಕಪಟ್ಟಿಯಲ್ಲಿ ರಿಬೌಂಡ್, ಅಂದರೆ ತಪ್ಪಿ ಪುಟಿದ ಆ ಚೆಂಡು, ಹಿಡಿದವಳ ಹೆಸರಷ್ಟೇ ಕಾಣುತ್ತದೆ.