ಆರು ಮೇಜು, ನಾಲ್ಕು ಉರಿ

ಕೇಳುಗರಿಗೆ ನಮಸ್ಕಾರ.

ಮೊನ್ನೆ ರಾತ್ರಿ ಒಂದು ಸಣ್ಣ ಹೋಟೆಲಿನಲ್ಲಿ ನನಗೆ ಸಿಕ್ಕಿದ್ದು ಅಡುಗೆಮನೆಯ ಬಾಗಿಲಿಗೆ ತಾಗಿದ ಮೇಜು. ಯಾರೂ ಬಯಸಿ ಕೂರುವ ಜಾಗವಲ್ಲ ಅದು. ಬಾಗಿಲು ತೆರೆದಾಗಲೆಲ್ಲ ಎಣ್ಣೆಯ ಹೊಗೆ ಮುಖಕ್ಕೆ ಹೊಡೆಯುತ್ತದೆ, ಪಾತ್ರೆಗಳ ಸದ್ದು ಮಾತನ್ನು ನುಂಗುತ್ತದೆ. ಆದರೆ ಅಲ್ಲಿಂದ ಒಲೆ ಕಾಣುತ್ತಿತ್ತು. ನಾಲ್ಕು ಉರಿಯ ಒಂದೇ ಒಲೆ, ಅದರ ಮುಂದೆ ಒಬ್ಬನೇ ಅಡುಗೆಯವನು. ಅವನ ಕಣ್ಣಿನ ಮಟ್ಟಕ್ಕೆ ಒಂದು ತಂತಿ, ತಂತಿಗೆ ಸಿಕ್ಕಿಸಿದ ಆರ್ಡರ್ ಚೀಟಿಗಳು. ಎಂಟೂವರೆಗೆ ಅಲ್ಲಿ ಎರಡೇ ಚೀಟಿಗಳಿದ್ದವು. ಎಂಟು ನಲವತ್ತಕ್ಕೆ ಹನ್ನೊಂದು. ಅವನ ಕೈ ಚುರುಕಾದದ್ದು ನನಗೆ ಕಾಣಲಿಲ್ಲ; ಅಲ್ಲಿಯವರೆಗೆ ಏನನ್ನೋ ಗುನುಗುತ್ತಿದ್ದವನು ಗುನುಗುವುದನ್ನು ನಿಲ್ಲಿಸಿದ, ಅಷ್ಟೇ.

ಪಕ್ಕದ ಮೇಜಿನವರು ಗಡಿಯಾರ ನೋಡಿಕೊಂಡು, ‘ಒಂದು ತಟ್ಟೆ ಊಟಕ್ಕೆ ಇಷ್ಟು ಹೊತ್ತೇ?’ ಎಂದರು. ನಾನು ಬೆರಳು ಮಡಚಿ ಲೆಕ್ಕ ಹಾಕಿದೆ. ಒಂದೊಂದು ಖಾದ್ಯಕ್ಕೆ ಎಂಟು ನಿಮಿಷ ಬೇಕು ಎಂದುಕೊಳ್ಳಿ. ಒಂದು ಸಲಕ್ಕೆ ಒಲೆಯ ಮೇಲೆ ನಾಲ್ಕು ಬಾಣಲೆ. ಇಪ್ಪತ್ತು ಜನ ಒಟ್ಟಿಗೆ ಬಂದು ಇಪ್ಪತ್ತು ಬಗೆ ಕೇಳಿದರೆ ಐದು ಸುತ್ತು, ಅಂದರೆ ನಲವತ್ತು ನಿಮಿಷ. ಕೊನೆಯ ಸುತ್ತಿನವನ ಹೊಟ್ಟೆ ತಾಳ ಹಾಕುವುದಕ್ಕೆ ಯಾರ ಸೋಮಾರಿತನವೂ ಕಾರಣವಲ್ಲ. ಅಡುಗೆಯವನಿಗೆ ಇರುವುದು ಎರಡು ಕೈ, ಒಲೆಗೆ ಇರುವುದು ನಾಲ್ಕು ಉರಿ.

ಬೀದಿಯ ತಿರುವಿನ ಸಣ್ಣ ಹೋಟೆಲಿಗೆ ಹೋಗುವವರು ಏನನ್ನು ನಿರೀಕ್ಷಿಸಬೇಕು, ಏನನ್ನು ನಿರೀಕ್ಷಿಸಬಾರದು ಎಂಬುದು ಇಂದಿನ ಮಾತು. ಸಣ್ಣ ಹೋಟೆಲು ಎಂದರೆ ಕಡಿಮೆ ಬೆಲೆಯ ಹೋಟೆಲು ಎಂಬ ಅರ್ಥದಲ್ಲಿ ಹೇಳುತ್ತಿಲ್ಲ. ಮಾಲೀಕ ಗಲ್ಲಾಪೆಟ್ಟಿಗೆಯ ಹಿಂದೆಯೋ ಒಲೆಯ ಮುಂದೆಯೋ ಖುದ್ದಾಗಿ ಇರುವ ಜಾಗ, ಆರೇಳು ಮೇಜುಗಳಿಗಿಂತ ಹೆಚ್ಚಿಲ್ಲದ ಜಾಗ, ಇನ್ನೊಂದು ಊರಿನಲ್ಲಿ ಅದೇ ಹೆಸರಿನ ಶಾಖೆ ಇಲ್ಲದ ಜಾಗ. ಬಾನುಲಿಗೆ ಕಿವಿಯಷ್ಟೇ ಇದೆ, ಮೂಗಿಲ್ಲ. ಇದ್ದಿದ್ದರೆ ನನ್ನ ಅರ್ಧ ಮಾತು ಮಿಗುತ್ತಿತ್ತು.

ಮೊದಲು ಮೆನು. ಅದು ಚಿಕ್ಕದಾಗಿದ್ದರೆ ಬೇಸರ ಮಾಡಿಕೊಳ್ಳಬೇಡಿ. ಹತ್ತು ಹನ್ನೆರಡು ಹೆಸರುಗಳಿರುವ ಒಂದು ಹಾಳೆಯನ್ನು ಕಂಡರೆ ನನಗೆ ನೆಮ್ಮದಿ. ಅಷ್ಟನ್ನು ಒಬ್ಬ ಅಡುಗೆಯವನು ಬೆಳಿಗ್ಗೆ ತಂದು, ಮಧ್ಯಾಹ್ನ ಹೆಚ್ಚಿ, ರಾತ್ರಿಯೊಳಗೆ ಮುಗಿಸಬಲ್ಲ. ಅದೇ ನಾಲ್ಕು ಉರಿಯ ಅಡುಗೆಮನೆ ನೂರಿಪ್ಪತ್ತು ಬಗೆಯ ಉದ್ದ ಪಟ್ಟಿಯನ್ನು ಮುಂದಿಟ್ಟರೆ ನಾನು ಒಲೆಯನ್ನು ಬಿಟ್ಟು ಫ್ರೀಜರ್ ಎಷ್ಟು ದೊಡ್ಡದಿದೆ ಎಂದು ಯೋಚಿಸಲು ಶುರು ಮಾಡುತ್ತೇನೆ. ಇನ್ನು ನೀವು ಆಸೆಪಟ್ಟು ಕೇಳಿದ್ದಕ್ಕೆ ‘ಅದು ಮುಗಿಯಿತು’ ಎಂಬ ಉತ್ತರ ಬಂದರೆ? ಬಾಯಿಗೆ ಬಂದ ತುತ್ತು ಜಾರಿದ ಹಾಗಾಗುತ್ತದೆ, ನಿಜ. ಆದರೆ ಎಂದೂ ಏನೂ ಮುಗಿಯದ ಅಡುಗೆಮನೆ ನಿನ್ನೆಯದನ್ನು ಎಲ್ಲಿಡುತ್ತದೆ ಎಂದು ಕೇಳಿಕೊಂಡರೆ ಆ ಬೇಸರ ಸ್ವಲ್ಪ ಇಳಿಯುತ್ತದೆ.

ರುಚಿಯ ವಿಷಯವೂ ಹೀಗೆಯೇ. ನೂರಾರು ಶಾಖೆಗಳ ಕಂಪನಿಗಳಲ್ಲಿ ಸಾಮಾನ್ಯವಾಗಿ ಸಾಸು, ಮಸಾಲೆಗಳು ಒಂದು ಕೇಂದ್ರ ಅಡುಗೆಮನೆಯಲ್ಲಿ ಗ್ರಾಂ ಲೆಕ್ಕದಲ್ಲಿ ತಯಾರಾಗಿ ಪೊಟ್ಟಣಗಳಲ್ಲಿ ಬರುತ್ತವೆ. ಶಾಖೆಯಲ್ಲಿ ಇರುವವನು ಪೊಟ್ಟಣ ಒಡೆಯುತ್ತಾನೆ, ಗಂಟೆ ಹೊಡೆದಾಗ ಇಳಿಸುತ್ತಾನೆ. ಇಂದು ತಿಂದದ್ದೇ ಮುಂದಿನ ವರ್ಷವೂ ಸಿಗುತ್ತದೆ. ಅಪರಿಚಿತ ಊರಿನಲ್ಲಿ ಹಸಿದಾಗ ಆ ಭರವಸೆಗೆ ಬೆಲೆ ಇದೆ, ಅದನ್ನು ಹಳಿಯಲಾರೆ. ಸಣ್ಣ ಹೋಟೆಲಿನಲ್ಲಿ ಹದ ಇರುವುದು ಕೈಯಲ್ಲಿ. ಈ ವಾರದ ಟೊಮೆಟೊ ಹೋದ ವಾರದ್ದಕ್ಕಿಂತ ಹುಳಿ, ಈ ಮೂಟೆಯ ಈರುಳ್ಳಿಯಲ್ಲಿ ನೀರು ಜಾಸ್ತಿ, ಅಡುಗೆಯವನಿಗೆ ರಾತ್ರಿ ನಿದ್ದೆ ಇಲ್ಲ. ಎಲ್ಲವೂ ತಟ್ಟೆಗೆ ಬರುತ್ತದೆ. ಅನ್ನ ಬೆಂದಿದೆಯೇ ಎಂದು ನೋಡಲು ಒಂದಗುಳು ಹಿಸುಕಿದರೆ ಸಾಕು ಎನ್ನುತ್ತಾರೆ. ಆ ಮಾತು ಒಂದು ಪಾತ್ರೆಯ ಅನ್ನಕ್ಕೆ ಸರಿ. ದಿನಕ್ಕೊಂದು ಪಾತ್ರೆ ಇಡುವ ಹೋಟೆಲಿಗೆ ಕನಿಷ್ಠ ಮೂರು ಅಗುಳಾದರೂ ಬೇಕು, ಮೂರು ಬೇರೆ ಬೇರೆ ದಿನಗಳಲ್ಲಿ.

ಇದನ್ನು ನಾನು ಕಲಿತದ್ದು ನನ್ನದೇ ತಪ್ಪಿನಿಂದ. ಒಮ್ಮೆ ಇಂಥದೊಂದು ಜಾಗದಲ್ಲಿ ಸೂಪು ಬಾಯಿಗಿಡಲಾರದಷ್ಟು ಉಪ್ಪಾಗಿತ್ತು. ಏನೂ ಹೇಳದೆ ಅರ್ಧ ಕುಡಿದು, ಬಿಲ್ಲು ಕೊಟ್ಟು, ‘ಚೆನ್ನಾಗಿತ್ತು’ ಎಂದು ನಕ್ಕು ಬಂದೆ. ಆಮೇಲೆ ಕಂಡ ಕಂಡವರಿಗೆಲ್ಲ ಆ ಉಪ್ಪಿನ ಕಥೆ ಹೇಳಿದೆ. ತಿಂಗಳ ನಂತರ ಮತ್ತೆ ಹೋಗಬೇಕಾಗಿ ಬಂದಾಗ ಮಾಲೀಕಳೇ ಮಾತು ತೆಗೆದಳು. ಆ ದಿನ ಅಡುಗೆ ಮಾಡಿದ್ದವಳು ಅವಳೇ. ನೆಗಡಿ ಹಿಡಿದು ಮೂಗು ಕಟ್ಟಿತ್ತು, ನಾಲಗೆಗೆ ಏನೂ ಹತ್ತುತ್ತಿರಲಿಲ್ಲ. ಉಪ್ಪು ಹಾಕಿದ್ದು ಮರೆತು ಮತ್ತೆ ಹಾಕಿದ್ದಳಂತೆ. ರಾತ್ರಿ ಪಾತ್ರೆ ತೊಳೆಯುವ ಹುಡುಗ ತಳದಲ್ಲಿ ಉಳಿದದ್ದನ್ನು ಕುಡಿದು ಹೇಳಿದ ಮೇಲೆಯೇ ಗೊತ್ತಾದದ್ದು. ‘ಅಷ್ಟು ಜನ ತಿಂದು ಹೋದರು, ಒಬ್ಬರಾದರೂ ಹೇಳಬಾರದಿತ್ತೇ?’ ಎಂದಳು. ನಾನು ನೀರಿನ ಲೋಟ ನೋಡುತ್ತ ಕೂತೆ.

ದೂರು ಹೇಳಲು ಸಂಕೋಚ ಬೇಡ, ತಡ ಬೇಡ. ದೊಡ್ಡ ಸಂಸ್ಥೆಯಲ್ಲಿ ನಿಮ್ಮ ಮಾತು ಒಂದು ಫಾರಂ ಆಗಿ ಎಲ್ಲಿಗೋ ಹೋಗುತ್ತದೆ. ಇಲ್ಲಿ ಅದು ಹತ್ತು ಹೆಜ್ಜೆ ನಡೆದು ಒಲೆ ಮುಟ್ಟುತ್ತದೆ, ತಟ್ಟೆ ಬದಲಾಗಿ ಬರುತ್ತದೆ. ಅಲ್ಲಿ ತುಟಿ ಬಿಚ್ಚದೆ ಮನೆಗೆ ಬಂದು ಮೊಬೈಲಿನಲ್ಲಿ ಐದಕ್ಕೆ ಒಂದೇ ನಕ್ಷತ್ರದ ಅಂಕ ಒತ್ತುವುದು ಸುಲಭ. ಅದರ ಪೆಟ್ಟು ಎಲ್ಲಿ ಬೀಳುತ್ತದೆ ಎಂಬುದಕ್ಕೆ ಒಂದು ಅಧ್ಯಯನವೇ ಇದೆ. ಆಗ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಲ್ಲಿದ್ದ ಮೈಕೆಲ್ ಲೂಕಾ ಅಮೆರಿಕದ ಸಿಯಾಟಲ್ ನಗರದ ಹೋಟೆಲುಗಳ ವರಮಾನವನ್ನೂ ಅಂತರ್ಜಾಲದಲ್ಲಿ ಅವುಗಳಿಗೆ ಬಂದ ನಕ್ಷತ್ರಗಳನ್ನೂ ಹೋಲಿಸಿ 2011ರಲ್ಲಿ ಪ್ರಕಟಿಸಿದರು. ಒಂದು ನಕ್ಷತ್ರ ಹೆಚ್ಚಾದರೆ ವರಮಾನ ಶೇಕಡಾ 5ರಿಂದ 9ರಷ್ಟು ಏರುತ್ತದೆ, ಆದರೆ ಸ್ವತಂತ್ರ ಹೋಟೆಲುಗಳಿಗೆ ಮಾತ್ರ. ಸರಣಿ ಹೋಟೆಲುಗಳ ವ್ಯಾಪಾರದ ಮೇಲೆ ಪರಿಣಾಮ ಕಾಣಲಿಲ್ಲ. ಹೆಸರು ಗೊತ್ತಿರುವ ಕಡೆಗೆ ಜನ ಹೇಗೂ ಹೋಗುತ್ತಾರೆ. ಹೆಸರಿಲ್ಲದವನಿಗೆ ನಿಮ್ಮ ಬೆರಳೇ ತಕ್ಕಡಿ.

ಬರೆದು ಬಯ್ಯುವ ಈ ಚಟ ಹೊಸದೇನೂ ಅಲ್ಲ, ಬಿಡಿ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಇಟಲಿಯ ಪೊಂಪೇ ನಗರದಲ್ಲಿ ಬೀದಿಬದಿಯ ಬಿಸಿಯೂಟದ ಅಂಗಡಿಯೊಂದು 2020ರ ಡಿಸೆಂಬರಿನಲ್ಲಿ ಪೂರ್ತಿ ಬೆಳಕಿಗೆ ಬಂತು. ಕಟ್ಟೆಯಲ್ಲಿ ಹುದುಗಿಸಿದ ಮಡಕೆಗಳು, ಅವುಗಳ ತಳದಲ್ಲಿ ಬಾತುಕೋಳಿ, ಮೇಕೆ, ಹಂದಿ, ಮೀನು, ಬಸವನಹುಳುಗಳ ಅವಶೇಷ, ಮುಂಭಾಗದಲ್ಲಿ ಬಣ್ಣದ ಚಿತ್ರಗಳು. ಅದರಲ್ಲಿ ಒಂದು ನಾಯಿಯ ಚಿತ್ರದ ಚೌಕಟ್ಟಿನ ಮೇಲೆ ಯಾರೋ ನಿಕಿಯ ಎಂಬವನನ್ನು ಬಯ್ದು ಗೀಚಿದ್ದಾರೆ. ಆ ನಿಕಿಯ ಅಂಗಡಿಯ ಮಾಲೀಕನೇ ಇರಬಹುದು ಎನ್ನುತ್ತಾರೆ ಪುರಾತತ್ತ್ವಜ್ಞರು. ಬಯ್ಗುಳವನ್ನು ಬಾನುಲಿಯಲ್ಲಿ ಓದುವಂತಿಲ್ಲ.

ಇಷ್ಟೆಲ್ಲ ಸೈರಿಸಿಕೊಳ್ಳಿ ಎಂದ ಮಾತ್ರಕ್ಕೆ ಸಣ್ಣವರೆಂದು ಎಲ್ಲವನ್ನೂ ಮನ್ನಿಸಬೇಕಾಗಿಲ್ಲ. ಕಾಯುವುದು, ಮುಗಿದುಹೋಗುವುದು, ಹದ ತುಸು ಏರುಪೇರಾಗುವುದು ಹೋಟೆಲು ಸಣ್ಣದಾಗಿರುವುದರಿಂದ ಹುಟ್ಟಿದವು. ಕೊಳಕು ಹಾಗೆ ಹುಟ್ಟಿದ್ದಲ್ಲ. ಜಿಡ್ಡು ಹಿಡಿದ ಲೋಟ ತೊಳೆಯಲು ದೊಡ್ಡ ಬಂಡವಾಳ ಬೇಡ. ಆರಿದ ಅಡುಗೆಯಂತೂ ರುಚಿಯ ಪ್ರಶ್ನೆಯೇ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಪ್ರಕಾರ ಬೇಯಿಸಿದ್ದನ್ನು 60 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾಗಿ ಅಥವಾ 5 ಡಿಗ್ರಿಗಿಂತ ತಣ್ಣಗೆ ಇಡಬೇಕು, ಕೋಣೆಯ ಶಾಖದಲ್ಲಿ ಎರಡು ಗಂಟೆಗಿಂತ ಹೆಚ್ಚು ಬಿಡಬಾರದು. ನಡುವಿನ ಉಗುರುಬೆಚ್ಚಗಿನಲ್ಲಿ ರೋಗಾಣುಗಳು ಬೇಗ ಬೆಳೆಯುತ್ತವೆ. ಬಿಸಿಯಾಗಿ ಬರಬೇಕಾದದ್ದು ಉಗುರುಬೆಚ್ಚಗೆ ಬಂದರೆ ಹಿಂದಕ್ಕೆ ಕಳುಹಿಸಿ, ಅದರಲ್ಲಿ ಮುಜುಗರವಿಲ್ಲ. ಬೆಲೆ ಮೊದಲೇ ತಿಳಿಯಬೇಕು, ಬಿಲ್ಲು ಅದಕ್ಕೆ ತಾಳೆಯಾಗಬೇಕು. ಶೇಂಗಾವೋ ಹಾಲೋ ಮೀನೋ ಒಗ್ಗದವರು ಇದ್ದರೆ ಬಡಿಸುವವರನ್ನು ಬಿಟ್ಟು ಅಡುಗೆಯವರನ್ನೇ ಕೇಳಿ. ಒಂದೇ ಬಾಣಲೆ, ಒಂದೇ ಸೌಟು ಎಲ್ಲಕ್ಕೂ ಓಡಾಡುವ ಜಾಗ ಅದು. ‘ಖಾತ್ರಿ ಕೊಡಲಾರೆ’ ಎಂದರೆ ಅವರನ್ನು ನಂಬಿ ಬೇರೆ ಏನಾದರೂ ತಿನ್ನಿ. ಯೋಚಿಸದೆ ‘ಏನೂ ಆಗುವುದಿಲ್ಲ, ತಿನ್ನಿ’ ಎಂದು ನಗುವವರ ಬಗ್ಗೆ ನನಗೆ ಭಯ.

ಮುಖ ನೋಡಿ ಮಣೆ ಹಾಕುವುದೂ ಇಲ್ಲಿ ನಡೆಯುತ್ತದೆ. ದಿನವೂ ಬರುವ ಮುದುಕರಿಗೆ ಕಿಟಕಿಯ ಪಕ್ಕದ ಕುರ್ಚಿ, ಕೇಳುವ ಮೊದಲೇ ಕಾಫಿ. ಹೊಸಬರು ಇದನ್ನು ಅವಮಾನವೆಂದು ಭಾವಿಸುವುದುಂಟು. ಆ ಮುದುಕರು ಮಳೆಯ ದಿನ, ಒಂದು ನರಪಿಳ್ಳೆಯೂ ಬಾರದ ದಿನ ಬಂದು ಕೂತವರು ಎಂದು ತಿಳಿಯಿರಿ. ನಿಮಗೆ ಮಣೆ ಹಾಕದಿದ್ದರೂ ಸರಿ, ನಿಮ್ಮ ಕಡೆ ತಿರುಗಿಯೂ ನೋಡದಿದ್ದರೆ ಎದ್ದು ಬನ್ನಿ.

ಗಿರಾಕಿಯ ಕಡೆಯಿಂದಲೂ ಕೆಲವು ಬಾಕಿ ಇವೆ. ಆರು ಮೇಜುಗಳ ಹೋಟೆಲಿನಲ್ಲಿ ನೀವು ಫೋನು ಮಾಡಿ ಮೇಜು ಕಾದಿರಿಸಿ ಹೋಗದೆ ಉಳಿದರೆ ಆ ಸಂಜೆಯ ಆರನೆಯ ಒಂದು ಪಾಲು ಜಾಗ ಖಾಲಿ. ಇನ್ನೂರು ಕುರ್ಚಿಗಳ ಕಡೆ ಇದು ಯಾರಿಗೂ ತಟ್ಟುವುದಿಲ್ಲ. ನೀವು ಕೊಡುವ ಬೆಲೆಯಲ್ಲಿ ಸುಮಾರು ಮೂರನೆಯ ಒಂದು ಭಾಗ ಸಾಮಾನಿಗೆ ಎಂಬುದು ಈ ವೃತ್ತಿಯ ಹಳೆಯ ಲೆಕ್ಕ. ಉಳಿದದ್ದರಲ್ಲಿ ಬಾಡಿಗೆ, ಸಂಬಳ, ಇಂಧನ, ಒಡೆದ ತಟ್ಟೆ ಕಳೆದು ಮಿಕ್ಕದ್ದು ಮಾಲೀಕನಿಗೆ. ಅಮೆರಿಕದ ಕೊಲಂಬಸ್ ನಗರದಲ್ಲಿ 1996ರಿಂದ 1999ರವರೆಗೆ ಹೋಟೆಲುಗಳ ಜಾಡು ಹಿಡಿದು ಹೋದ ಸಂಶೋಧಕರು ಮೊದಲ ವರ್ಷದಲ್ಲೇ ಶೇಕಡಾ 26ರಷ್ಟು ಕೈ ಬದಲಾದವು ಅಥವಾ ಮುಚ್ಚಿದವು, ಮೂರು ವರ್ಷದಲ್ಲಿ ಸುಮಾರು 60ರಷ್ಟು ಎಂದು ಕಂಡರು. ಮಾಲೀಕರನ್ನು ಮಾತನಾಡಿಸಿದಾಗ ಅವರು ಹೆಚ್ಚಾಗಿ ತೋಡಿಕೊಂಡದ್ದು ಮನೆಯ ಸಂಗತಿಯನ್ನು, ಸಂಸಾರಕ್ಕೆ ಸಮಯ ಸಿಗದ್ದನ್ನು. ಹೀಗಾಗಿ ಮನೆಗೆ ತರಿಸಿಕೊಳ್ಳುವುದಾದರೆ ಸಾಧ್ಯವಾದಾಗ ನೇರವಾಗಿ ಫೋನು ಮಾಡಿ ಕಟ್ಟಿಸಿಕೊಂಡು ಬನ್ನಿ. ಮನೆಗೆ ತಲುಪಿಸುವ ಆ್ಯಪ್‌ಗಳು ಹಲವು ದೇಶಗಳಲ್ಲಿ ಬಿಲ್ಲಿನ ಶೇಕಡಾ 15ರಿಂದ 30ರವರೆಗೆ ಕಮಿಷನ್ ಹಿಡಿಯುತ್ತವೆ. ಅಲ್ಲದೆ ಗರಿಗರಿಯಾಗಿ ಕರಿದದ್ದು ಮುಚ್ಚಿದ ಡಬ್ಬಿಯಲ್ಲಿ ತನ್ನ ಹಬೆಯಲ್ಲೇ ಮೆತ್ತಗಾಗಿ ಬರುತ್ತದೆ. ಬಯ್ಗುಳ ಮಾತ್ರ ಅಡುಗೆಯವನಿಗೆ.

ಬೇಗ ಬೇಕೆಂದರೆ ಜನಜಂಗುಳಿಗಿಂತ ಅರ್ಧ ಗಂಟೆ ಮುಂಚೆ ಹೋಗಿ. ನಾಲ್ವರು ಹೋದಾಗ ನಾಲ್ಕು ಬಗೆಯ ಬದಲು ಎರಡೇ ಬಗೆ ಹೇಳಿದರೆ ಒಂದು ಬಾಣಲೆಯಲ್ಲಿ ಎರಡು ತಟ್ಟೆ ಇಳಿಯುತ್ತವೆ. ‘ಇವತ್ತು ಏನು ಚೆನ್ನಾಗಿದೆ?’ ಎಂದು ಕೇಳುವುದಕ್ಕಿಂತ ‘ಇವತ್ತು ಏನು ಬೆಳಿಗ್ಗೆ ಬಂತು?’ ಎಂದು ಕೇಳಿ. ಮೊದಲನೆಯದಕ್ಕೆ ‘ಎಲ್ಲವೂ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಎರಡನೆಯದಕ್ಕೆ ಬಡಿಸುವವನು ಒಂದು ಕ್ಷಣ ನಿಂತು ಯೋಚಿಸುತ್ತಾನೆ.

ಮುಚ್ಚುವ ಹೊತ್ತಿಗೆ ಹತ್ತು ನಿಮಿಷ ಇರುವಾಗ ಒಳಗೆ ಹೋಗುವುದು ನಿಮ್ಮ ಹಕ್ಕು. ಆದರೂ ಹೇಳುತ್ತೇನೆ, ಆ ಹೊತ್ತಿಗೆ ನೆಲ ಒರೆಸಲು ಬಕೆಟ್ಟಿಗೆ ನೀರು ತುಂಬಿಯಾಗಿರುತ್ತದೆ.

ಮೊನ್ನೆ ನಾನು ಏಳುವಾಗ ಹತ್ತೂ ಮುಕ್ಕಾಲು. ತಂತಿಯ ಮೇಲೆ ಒಂದೂ ಚೀಟಿ ಇರಲಿಲ್ಲ. ಐದು ಮೇಜುಗಳ ಮೇಲೆ ಕುರ್ಚಿಗಳನ್ನು ತಲೆಕೆಳಗಾಗಿ ಏರಿಸಿದ್ದರು. ಅಡುಗೆಯವನು ಕೊರಳಿನ ಬಟ್ಟೆಯಿಂದ ಮುಖ ಒರೆಸಿಕೊಂಡು, ಎರಡು ಮೊಟ್ಟೆ ಒಡೆದು, ಡಬ್ಬಿಯ ತಳದಲ್ಲಿ ಉಳಿದಿದ್ದ ಹೆಚ್ಚಿದ ಈರುಳ್ಳಿಯನ್ನು ಅದಕ್ಕೆ ಸುರಿದು, ಬಾಣಲೆಯಿಂದಲೇ ತಿನ್ನುತ್ತ ನಿಂತಿದ್ದ. ಮತ್ತೆ ಗುನುಗುತ್ತಿದ್ದ. ಆ ರಾತ್ರಿ ಅಡುಗೆಮನೆಯಿಂದ ಹೊರಬಂದ ಎಲ್ಲಕ್ಕಿಂತ ಆ ಬಾಣಲೆಯದ್ದೇ ಘಮ ಹೆಚ್ಚೆನಿಸಿತು ನನಗೆ. ಅದು ಮೆನುವಿನಲ್ಲಿ ಇರಲಿಲ್ಲ. ಕೇಳಿಬಿಡೋಣ ಎಂದುಕೊಂಡೆ, ಆದರೆ ಅಷ್ಟರಲ್ಲಿ ಅವನು ನಾಲ್ಕನೆಯ ಉರಿಯನ್ನೂ ಆರಿಸಿದ.

ನಮಸ್ಕಾರ.