ಸಾಲು ಉದ್ದವಾದಷ್ಟೂ ತುಂಡು ಗಿಡ್ಡ

ಕೇಳುಗರೆಲ್ಲರಿಗೂ ನಮಸ್ಕಾರ. ಈ ಹೊತ್ತಿಗೆ ಬೀಡಿ ಕಟ್ಟುತ್ತಾ, ಅಡಕೆ ಸುಲಿಯುತ್ತಾ, ಗಂಜಿಗೆ ಚಟ್ನಿ ಅರೆಯುತ್ತಾ ರೇಡಿಯೊ ಕೇಳುವವರು ನಮ್ಮ ಕಡೆ ತುಂಬ ಜನ ಇದ್ದೀರಿ. ಕೈ ಕೆಲಸ ನಿಲ್ಲಿಸಬೇಡಿ. ಬಾಯಿ ಮಾತ್ರ ಸ್ವಲ್ಪ ಕೊಡಿ. 'ಮನೆ' ಅನ್ನಿ. ಈಗ ಅದೇ ಉಸಿರಿನಲ್ಲಿ 'ಮನೆಯವರಿಗೆಲ್ಲ' ಅನ್ನಿ. ಮೊದಲನೆಯದರಲ್ಲಿ ಎರಡು ತುಂಡು, ಎರಡನೆಯದರಲ್ಲಿ ಏಳು. ಎರಡನೇ ಸಲ ಆ 'ಮ' ಬೇಗ ಮುಗಿದುಹೋಯಿತು, ಅಲ್ವಾ? ಇವತ್ತು ನಾನು ಹೇಳುವುದು ಇದೊಂದೇ ವಿಷಯ. ಸಾಲು ಉದ್ದವಾದಷ್ಟೂ ತುಂಡು ಗಿಡ್ಡ.

ಇದಕ್ಕೆ ನನ್ನ ಮೆಚ್ಚಿನ ಸಾಕ್ಷಿ ಉಡುಪಿಯ ಸರ್ವಿಸ್ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ ಒಬ್ಬ ಕಂಡಕ್ಟರ್. ಬಸ್ಸು ಇನ್ನೂ ಖಾಲಿ. ಅಜ್ಜಿಯೊಬ್ಬರು ಬಂದು ಕಾಪುವಿನಲ್ಲಿ ನಿಲ್ಲಿಸ್ತೀರಾ ಎಂದು ತುಳುವಿನಲ್ಲಿ ಕೇಳಿದರು. ಅವರಿಗೆ ಕಿವಿ ಸ್ವಲ್ಪ ಮಂದ ಇರಬೇಕು. ಈತ ಬಗ್ಗಿ, 'ಕಾ…ಪು, ಕಾ…ಪು' ಎಂದು ಎಳೆದು ಹೇಳಿ, ಕೈ ಹಿಡಿದು ಹತ್ತಿಸಿದ. ಅಷ್ಟರಲ್ಲಿ ಹಿಂದಿನ ಬಸ್ಸು ಹಾರ್ನ್ ಹಾಕಿತು. ಟೈಮ್ ಆಯಿತು. ಈತ ಫುಟ್‌ಬೋರ್ಡಿನಲ್ಲಿ ನಿಂತು ಶುರು ಮಾಡಿದ: 'ಕಟ್ಪಾಡಿ-ಕಾಪು-ಪಡುಬಿದ್ರಿ-ಮೂಲ್ಕಿ-ಸುರತ್ಕಲ್-ಮಂಗ್ಳೂರ್!' ಒಂದೇ ಉಸಿರು. ಈ ಸಾಲಿನಲ್ಲಿ ಕಾಪು ಬಂದದ್ದೂ ಗೊತ್ತಾಗಲಿಲ್ಲ, ಹೋದದ್ದೂ ಗೊತ್ತಾಗಲಿಲ್ಲ. ನಾನು ಮೊಬೈಲಿನಲ್ಲಿ ರೆಕಾರ್ಡ್ ಮಾಡುತ್ತಿದ್ದೆ. ಅವನು ನೋಡಿಬಿಟ್ಟ. 'ಎಂತ ಟೀಚರೇ, ಬೊಬ್ಬೆ ಹಾಕುವುದನ್ನೂ ರೆಕಾರ್ಡ್ ಮಾಡ್ತೀರಾ?' ಎಂದ. ನಾನು ಕೇಳಿದೆ: 'ಅಜ್ಜಿಗೆ ಅಷ್ಟು ಉದ್ದದ ಕಾಪು, ನಮಗೆ ಯಾಕೆ ಇಷ್ಟು ಸಣ್ಣ ಕಾಪು?' ಅವನೆಂದ: 'ಆರು ಊರು ಹೇಳ್ಲಿಕ್ಕುಂಟು ಟೀಚರೇ, ಉಸಿರು ಒಂದೇ ಅಲ್ವಾ?' ಮನೆಗೆ ಬಂದು ಕಂಪ್ಯೂಟರಿನಲ್ಲಿ ಅಳೆದೆ. ಒಂಟಿ ಊರಿನ ಹೆಸರು ಉದ್ದ. ಸಾಲಿನಲ್ಲಿ ಬಂದ ಅದೇ ಹೆಸರು ಗಿಡ್ಡ. ಪ್ರತಿ ಸಲವೂ ಹಾಗೇ.

ಜರ್ಮನಿಯ ಭಾಷಾ ವಿಜ್ಞಾನಿ ಪಾಲ್ ಮೆಂಜೆರಾಥ್ 1928ರಲ್ಲಿ ಪದಗಳನ್ನು ಅಳೆದು ಇದನ್ನೇ ಹೇಳಿದರು. ಈಗ ಅದನ್ನು ಮೆಂಜೆರಾಥ್ ನಿಯಮ ಎನ್ನುತ್ತಾರೆ. ನಮ್ಮ ಕಂಡಕ್ಟರ್ ಅದಕ್ಕೆ ತನ್ನದೊಂದು ಕಾರಣವನ್ನೂ ಸೇರಿಸಿ ಹೇಳಿದ.

ಇದು ಮನುಷ್ಯರ ವಿಷಯ, ಪ್ರಾಣಿಗಳದ್ದು ಸುಮ್ನೆ ಕೂಗಾಟ, ಅದರಲ್ಲೇನಿದೆ ಎನ್ನುವವರಿದ್ದಾರೆ. ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ದಯವಿಟ್ಟು ಇದನ್ನು ಕೇಳಿ. ಇಥಿಯೋಪಿಯದ ಎತ್ತರದ ಬೆಟ್ಟಗಳಲ್ಲಿ ಗೆಲಾಡ ಎಂಬ ಕೋತಿಗಳಿವೆ. ಹುಲ್ಲು ತಿಂದು ಬದುಕುತ್ತವೆ. ಗಂಡುಗಳು ಹೆಣ್ಣುಗಳ ಹತ್ತಿರ ಗುರುಗುಟ್ಟುವುದು, ನರಳಿದಂತೆ ಸದ್ದು ಮಾಡುವುದು, ಹೀಗೆ ಬೇರೆ ಬೇರೆ ಕೂಗುಗಳನ್ನು ಪೋಣಿಸಿ ಸಾಲು ಮಾಡುತ್ತವೆ. ಕೆಲವು ಸಾಲಿನಲ್ಲಿ ಒಂದೇ ಕೂಗು. ಕೆಲವಕ್ಕೆ ಇಪ್ಪತ್ತೂ ದಾಟುತ್ತದೆ. ಸಂಶೋಧಕರು 57 ಗಂಡುಗಳ ಸಾವಿರಕ್ಕೂ ಹೆಚ್ಚು ಸಾಲುಗಳನ್ನು ಅಳೆದು 2016ರಲ್ಲಿ ಪ್ರಕಟಿಸಿದರು. ಏನು ಸಿಕ್ಕಿತು? ಸಾಲು ಉದ್ದವಾದಷ್ಟೂ ತುಂಡು ಗಿಡ್ಡ! ಆ ಕೋತಿಗೆ ವ್ಯಾಕರಣ ಕಲಿಸಿದವರಿಲ್ಲ. ಇಟಲಿಯ ಮೃಗಾಲಯಗಳಲ್ಲಿ ಆಫ್ರಿಕದ ಪೆಂಗ್ವಿನ್‌ಗಳ ಹಾಡನ್ನು ಅಳೆದಾಗಲೂ ಇದೇ ಸಿಕ್ಕಿತು. ಅದು 2020ರಲ್ಲಿ.

ಸಮಯ ಕಡಿಮೆ ಇದೆ, ಇನ್ನೊಂದನ್ನು ಬೇಗ ಹೇಳಿಬಿಡುತ್ತೇನೆ. ಜಾಸ್ತಿ ಬಳಸುವ ಪದವೂ ಗಿಡ್ಡವೇ. ನಾನು, ನೀನು, ಬಾ, ಹೋಗು, ನೀರು ನೋಡಿ. ಅಮೆರಿಕದ ಭಾಷಾ ಸಂಶೋಧಕ ಜಿಪ್ಫ್ 1935ರಲ್ಲಿ ಇದನ್ನು ಲೆಕ್ಕ ಹಾಕಿ ತೋರಿಸಿದರು. ಯಾವ ಭಾಷೆಯಲ್ಲೂ ಕೆಲವೇ ಪದಗಳು ಮತ್ತೆ ಮತ್ತೆ ಬರುತ್ತವೆ, ಉಳಿದ ರಾಶಿ ಪದಗಳು ಅಪರೂಪ ಎಂದೂ ಹೇಳಿದರು. ಇದೇ ಲೆಕ್ಕ ಗೂನುಬೆನ್ನಿನ ತಿಮಿಂಗಿಲದ ಹಾಡಿನಲ್ಲೂ ಇದೆ ಎಂದು 2025ರಲ್ಲಿ ಗೊತ್ತಾಯಿತು. ಪೆಸಿಫಿಕ್‌ನ ನ್ಯೂ ಕ್ಯಾಲೆಡೋನಿಯ ದ್ವೀಪದ ಹತ್ತಿರ ಎಂಟು ವರ್ಷ ರೆಕಾರ್ಡ್ ಮಾಡಿದ ಹಾಡುಗಳು ಅವು. ಅದೇ ವರ್ಷ ಇನ್ನೊಂದು ಅಧ್ಯಯನ ತಿಮಿಂಗಿಲ, ಡಾಲ್ಫಿನ್ ಬಳಗದ 16 ಜಾತಿಗಳನ್ನು ನೋಡಿತು. 11ರಲ್ಲಿ ನಮ್ಮ ಕಂಡಕ್ಟರನ ನಿಯಮವೇ. ಸಾಲು ಉದ್ದ, ತುಂಡು ಗಿಡ್ಡ.

ಈ ಗೂನುಬೆನ್ನಿನ ತಿಮಿಂಗಿಲ ನಮ್ಮ ಅರಬ್ಬೀ ಸಮುದ್ರದಲ್ಲೂ ಇದೆ. ಸಂಖ್ಯೆ ತುಂಬಾ ಕಡಿಮೆ. ಬೇರೆ ಕಡಲಿನವುಗಳಂತೆ ಇವು ದೂರ ವಲಸೆ ಹೋಗುವುದಿಲ್ಲ, ವರ್ಷವಿಡೀ ಇಲ್ಲೇ ಇರುತ್ತವೆ. ಮಲ್ಪೆ, ಗಂಗೊಳ್ಳಿ, ಮಂಗಳೂರಿನ ಬಂದರಿನಿಂದ ಬೋಟಿನಲ್ಲಿ ಹೋಗುವ ಅಣ್ಣಂದಿರಲ್ಲಿ ನನ್ನದೊಂದು ವಿನಂತಿ. ಎಲ್ಲಾದರೂ ಕಂಡರೆ ದಿನ, ಹೊತ್ತು, ಜಾಗ ಬರೆದಿಟ್ಟು ಮಂಗಳೂರಿನ ಮೀನುಗಾರಿಕೆ ಕಾಲೇಜಿಗೆ ತಿಳಿಸಿ. ನಮಸ್ಕಾರ.